ಸೂಚಿಯಲ್ಲಿ ಸಿಗದ ಕಲ್ಲುಗಳು

"ಬೇಗೂರು ಎಲ್ಲಮ್ಮಾ?"

ನಾನು ಒಪ್ಪಿಸಿದ್ದ ಅಧ್ಯಾಯದ ಹತ್ತನೆಯ ಪುಟದ ಮೇಲೆ ಬೆರಳಿಟ್ಟು ಮೇಡಂ ಕೇಳಿದ್ದು ಇಷ್ಟೇ. ಆ ಪುಟದಲ್ಲಿ ಒಂದು ಕೋಷ್ಟಕವಿತ್ತು. ಹಳೆಯ ಮೈಸೂರು ಭಾಗದ ವೀರಗಲ್ಲು ಶಾಸನಗಳನ್ನು ಶತಮಾನವಾರು ಎಣಿಸಿ ಮಾಡಿದ್ದು. ಎಂಟು, ಒಂಬತ್ತನೆಯ ಶತಮಾನಗಳ ಎದುರು ಬೆರಳೆಣಿಕೆಯ ಕಲ್ಲುಗಳು. ಹತ್ತನೆಯದರ ನಡುವಿನಿಂದ ಸಂಖ್ಯೆ ಒಮ್ಮೆಲೇ ಏಣಿ ಹತ್ತಿತ್ತು. ಕೋಷ್ಟಕದ ಕೆಳಗೆ ಎರಡು ಪುಟ ವಿವರಣೆಯನ್ನೂ ಬರೆದಿದ್ದೆ. ರಾಷ್ಟ್ರಕೂಟರ ಪತನ, ಗಂಗವಾಡಿಯ ಮೇಲೆ ಚೋಳರ ದಂಡು, ಗಡಿಯ ಊರುಗಳಲ್ಲಿ ತುರುಗೊಳ್ ಹೆಚ್ಚಿದ್ದು, ಊರವರೇ ಊರನ್ನು ಕಾಯಬೇಕಾಗಿ ಬಂದದ್ದು. ಓದಿದರೆ ಯಾರಿಗಾದರೂ ಹೌದೆನ್ನಿಸುವಂತಿತ್ತು. ನನಗಂತೂ ಅದು ಇಡೀ ಪ್ರಬಂಧದ ಬೆನ್ನೆಲುಬು ಎನ್ನಿಸಿತ್ತು.

ಬೇಗೂರಿನ ಕಲ್ಲು ಗೊತ್ತಿಲ್ಲದವರು ಕಡಿಮೆ. ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ಸಿಕ್ಕ ಶಾಸನ. ಗಂಗರ ಅಧಿಕಾರಿ ನಾಗತ್ತರನ ಕಡೆಯವರು ಬೆಂಗಳೂರಿನ ಕಾಳಗದಲ್ಲಿ ಸತ್ತ ಸಂಗತಿಯನ್ನು ಹೇಳುತ್ತದೆ. ಆ ಊರಿನ ಹೆಸರು ಕಾಣಿಸುವ ಅತಿ ಹಳೆಯ ದಾಖಲೆ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಕಾಲ ಸುಮಾರು ಕ್ರಿ.ಶ. 890. ಒಂಬತ್ತನೆಯ ಶತಮಾನದ ಸಾಲಿನಲ್ಲಿ ಯಾವ ಕಲ್ಲು ಇಲ್ಲದಿದ್ದರೂ ಅದು ಇರಬೇಕಿತ್ತು. ನನ್ನ ಕೋಷ್ಟಕದಲ್ಲಿ ಅದು ಇರಲಿಲ್ಲ.

"ಸೇರಿಸಿದ್ದೀನಿ ಮೇಡಂ" ಎಂದು ಫೋನ್ ತೆಗೆದೆ. ಊರಿನ ಹೆಸರು ಒತ್ತಿದೆ. ಕಲ್ಲು ಬಂತು. ಪಾಠ, ಸಾಲುಗಳ ಸಂಖ್ಯೆ, ನಾನೇ ತೆಗೆದ ಫೋಟೋ, ಎಲ್ಲವೂ ಇತ್ತು. ಆಮೇಲೆ 800ರಿಂದ 900ರವರೆಗಿನ ಶಾಸನಗಳನ್ನು ತೋರಿಸು ಎಂದು ಕೇಳಿದೆ. ಬೇಗೂರು ಬರಲಿಲ್ಲ. ಮತ್ತೊಮ್ಮೆ ಕೇಳಿದೆ. ಬರಲಿಲ್ಲ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮೊದಲು ಅದು ಯಾಕೆ ಬರಲಿಲ್ಲ ಅಂತ ನೋಡು. ಚೋಳರ ದಂಡು ಆಮೇಲೆ ಬರಲಿ" ಎಂದರು.

ಅದು ಯಾಕೆ ಬರಲಿಲ್ಲ ಎಂಬುದೇ ಈ ಲೇಖನ.

*

ನನ್ನ ಫೋನಿನಲ್ಲಿದ್ದದ್ದು ಯಾವುದೋ ದೊಡ್ಡ ತಂತ್ರಾಂಶವಲ್ಲ. ಊರೂರು ತಿರುಗುವಾಗ ನೆಟ್‌ವರ್ಕ್ ಇರುವುದಿಲ್ಲ. ಹೊಲದ ಬದುವಿನಲ್ಲಿ ಅರ್ಧ ಹೂತ ಕಲ್ಲಿನ ಮುಂದೆ ಕುಳಿತಾಗ, ಇದು ಹಿಂದೆ ಯಾರಾದರೂ ಓದಿದ ಶಾಸನವೇ, ಪಕ್ಕದೂರಿನಲ್ಲಿ ಇದೇ ಹೆಸರಿನವನು ಇದ್ದಾನೆಯೇ ಎಂದು ಅಲ್ಲೇ ನೋಡಬೇಕಾಗುತ್ತದೆ. ಬೆಂಗಳೂರಿನಲ್ಲಿ ವೆಬ್ ಡೆವಲಪರ್ ಆಗಿರುವ ನನ್ನ ತಮ್ಮ ಒಂದು ಸಣ್ಣ ಪುಟ ಮಾಡಿಕೊಟ್ಟ. ಬ್ರೌಸರಿನ ಒಳಗೇ ಒಂದು ಡೇಟಾಬೇಸ್ ಇರುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ಅದರ ಹೆಸರೇ ಇಂಡೆಕ್ಸೆಡ್‌ಡಿಬಿ, ಅಂದರೆ ಸೂಚಿಯುಳ್ಳ ದತ್ತಭಂಡಾರ. ದಾಖಲೆಗಳೆಲ್ಲ ನಮ್ಮ ಫೋನಿನಲ್ಲೇ ಕೂರುತ್ತವೆ. ಹುಡುಕಲು ಇಂಟರ್ನೆಟ್ ಬೇಕಿಲ್ಲ.

ಇದಕ್ಕೂ ಒಂದು ಚಿಕ್ಕ ಇತಿಹಾಸವಿದೆ. ಬ್ರೌಸರಿನಲ್ಲಿ ಡೇಟಾಬೇಸ್ ಇಡುವ ಮೊದಲ ಪ್ರಯತ್ನಗಳಲ್ಲಿ ವೆಬ್ ಎಸ್‌ಕ್ಯೂಎಲ್ ಎಂಬುದೊಂದಿತ್ತು. ಅದನ್ನು ಅಳವಡಿಸಿದವರೆಲ್ಲರೂ ಒಂದೇ ತಂತ್ರಾಂಶವನ್ನು, ಎಸ್‌ಕ್ಯೂಲೈಟನ್ನು, ಒಳಗಿಟ್ಟುಕೊಂಡಿದ್ದರಿಂದ ಸ್ವತಂತ್ರವಾಗಿ ಪರೀಕ್ಷಿಸಿದ ಮಾನದಂಡ ಅನ್ನಿಸಿಕೊಳ್ಳಲಾರದೆ 2010ರಲ್ಲಿ ಕೈಬಿಡಲಾಯಿತು. ಅದರ ಜಾಗಕ್ಕೆ ಬಂದ ಇಂಡೆಕ್ಸೆಡ್‌ಡಿಬಿಗೆ 2015ರಲ್ಲಿ ಡಬ್ಲ್ಯು3ಸಿಯ ಶಿಫಾರಸಿನ ಮುದ್ರೆ ಬಿತ್ತು. ಎರಡಕ್ಕೂ ನನ್ನಂಥವಳಿಗೆ ಮುಖ್ಯವಾಗುವ ವ್ಯತ್ಯಾಸ ಒಂದೇ. ಮೊದಲನೆಯದರಲ್ಲಿ ಏನು ಬೇಕು ಎಂದು ಹೇಳಿದರೆ ಯಾವ ಸೂಚಿ ಬಳಸಬೇಕು ಎಂಬುದನ್ನು ಯಂತ್ರವೇ ನಿರ್ಧರಿಸುತ್ತಿತ್ತು. ಎರಡನೆಯದರಲ್ಲಿ ಯಾವ ಸೂಚಿ ಇರಬೇಕು, ಯಾವಾಗ ಅದನ್ನು ತೆರೆಯಬೇಕು ಎಂಬುದನ್ನು ನಾವೇ ಹೇಳಬೇಕು.

ಸೂಚಿ ಎಂದರೆ ಏನೆಂದು ಸಾಹಿತ್ಯದ ವಿದ್ಯಾರ್ಥಿಗಳಿಗೆ ವಿವರಿಸಬೇಕಿಲ್ಲ. ವಚನ ಸಂಪುಟದ ಕೊನೆಯಲ್ಲಿ ವಚನಗಳ ಅಕಾರಾದಿ ಇರುತ್ತದೆ. ಸಂಶೋಧನ ಗ್ರಂಥದ ಕೊನೆಯಲ್ಲಿ ವ್ಯಕ್ತಿನಾಮ, ಸ್ಥಳನಾಮಗಳ ಪಟ್ಟಿ ಇರುತ್ತದೆ. ಪುಸ್ತಕ ತನ್ನದೇ ಕ್ರಮದಲ್ಲಿ ಸಾಗುತ್ತದೆ. ಸೂಚಿ ಅದೇ ಪುಸ್ತಕವನ್ನು ಇನ್ನೊಂದು ಕ್ರಮದಲ್ಲಿ ಜೋಡಿಸಿ, ಪ್ರತಿ ಹೆಸರಿನ ಮುಂದೆ ಪುಟಸಂಖ್ಯೆ ಇಡುತ್ತದೆ. ಡೇಟಾಬೇಸಿನ ಇಂಡೆಕ್ಸ್ ಮಾಡುವುದೂ ಇದನ್ನೇ. ದಾಖಲೆಗಳು ಒಂದು ಉಗ್ರಾಣದಲ್ಲಿ ತಮ್ಮ ತಮ್ಮ ಗುರುತಿನ ಸಂಖ್ಯೆಯ ಕ್ರಮದಲ್ಲಿ ಇರುತ್ತವೆ. ಆ ಗುರುತನ್ನು ಕೀ ಎನ್ನುತ್ತಾರೆ. 'ವರ್ಷ' ಎಂಬ ಕಾಲಮ್ಮಿಗೆ ಇಂಡೆಕ್ಸ್ ಮಾಡಿದರೆ ಪಕ್ಕದಲ್ಲಿ ಇನ್ನೊಂದು ಪಟ್ಟಿ ಹುಟ್ಟುತ್ತದೆ: ವರ್ಷಗಳು ಏರಿಕೆಯ ಕ್ರಮದಲ್ಲಿ, ಪ್ರತಿ ವರ್ಷದ ಮುಂದೆ ದಾಖಲೆಯ ಕೀ.

ಇದರಿಂದ ಆಗುವ ಲಾಭ ಅಂಕಗಣಿತದ್ದು. ಸೂಚಿ ಇಲ್ಲದಿದ್ದರೆ ಒಂದು ವರ್ಷಕ್ಕಾಗಿ ಉಗ್ರಾಣದ ಎಲ್ಲ ದಾಖಲೆಗಳನ್ನೂ ಮೊದಲಿನಿಂದ ಕೊನೆಯವರೆಗೆ ಎತ್ತಿ ನೋಡಬೇಕು. ಕ್ರಮವಾಗಿ ಜೋಡಿಸಿದ ಪಟ್ಟಿ ಇದ್ದರೆ ನಡುವೆ ತೆರೆದು, ಬೇಕಾದ್ದು ಹಿಂದಿದೆಯೋ ಮುಂದಿದೆಯೋ ನೋಡಿ, ಉಳಿದ ಅರ್ಧವನ್ನು ಬಿಡಬಹುದು. ಸಾವಿರ ನಮೂದುಗಳಿದ್ದರೂ ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಹತ್ತು ಹೆಜ್ಜೆ ಸಾಕು. ನಿಘಂಟು ತೆರೆಯುವಾಗ ನಾವೆಲ್ಲ ಮಾಡುವುದು ಇದನ್ನೇ. ಇದನ್ನು ಯಂತ್ರಕ್ಕೆ ಒಗ್ಗಿಸಿದ ಬಿ-ಟ್ರೀ ಎಂಬ ರಚನೆಯನ್ನು ಬೋಯಿಂಗ್‌ನಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ 1970ರ ಹೊತ್ತಿಗೆ ಕೊಟ್ಟರು. ಇಂದಿನ ಬಹುಪಾಲು ಡೇಟಾಬೇಸುಗಳ ಸೂಚಿಗಳು ಅದರ ಒಂದಲ್ಲ ಒಂದು ರೂಪದ ಮೇಲೆ ನಿಂತಿವೆ.

*

ಹುಡುಕುವವರ ಅಗತ್ಯ ಯಂತ್ರಕ್ಕಿಂತ ಬಹಳ ಹಳೆಯದು. ಕಾತ್ಯಾಯನನ ಹೆಸರಿನಲ್ಲಿರುವ ಸರ್ವಾನುಕ್ರಮಣಿ ಋಗ್ವೇದದ ಪ್ರತಿ ಸೂಕ್ತಕ್ಕೂ ಅದರ ಮೊದಲ ಪದ, ಋಕ್ಕುಗಳ ಸಂಖ್ಯೆ, ಋಷಿ, ದೇವತೆ, ಛಂದಸ್ಸುಗಳನ್ನು ಹೇಳುತ್ತದೆ. ಒಂದೊಂದು ದಾಖಲೆಗೂ ಯಾವ ಯಾವ ಕಾಲಂ ಇರಬೇಕು ಎಂದು ಅಂದೇ ಗೊತ್ತುಮಾಡಿದ ಹಾಗಿದೆ. ಆದರೆ ಅದು ಸಾಗುವುದು ವೇದದ ಕ್ರಮದಲ್ಲೇ. ಕ್ರಮವನ್ನು ಮುರಿದು ಪದದಿಂದ ಸ್ಥಳಕ್ಕೆ ಹೋಗುವ ದೊಡ್ಡ ಪ್ರಯತ್ನ 13ನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು. ಹ್ಯೂ ಆಫ್ ಸೇಂಟ್ ಶೆರ್ ಎಂಬಾತನ ನೇತೃತ್ವದಲ್ಲಿ ಡೊಮಿನಿಕನ್ ಸಂನ್ಯಾಸಿಗಳು ಬೈಬಲ್ಲಿನ ಪದಗಳನ್ನು ಅಕ್ಷರಾನುಕ್ರಮವಾಗಿ ಜೋಡಿಸಿ, ಪ್ರತಿ ಪದವೂ ಯಾವ ಅಧ್ಯಾಯದ ಯಾವ ಭಾಗದಲ್ಲಿದೆ ಎಂದು ಗುರುತಿಸಿದರು. ಉಪದೇಶ ಮಾಡುವವರಿಗೆ ಬೇಕಾದ ವಾಕ್ಯ ತಕ್ಷಣ ಸಿಗಬೇಕಿತ್ತು.

ಕನ್ನಡದ ಇತಿಹಾಸ ವಿದ್ಯಾರ್ಥಿಗೆ ಸೂಚಿಯ ಮಹತ್ವ ತಿಳಿಯುವುದು ಎಪಿಗ್ರಾಫಿಯಾ ಕರ್ನಾಟಿಕದ ಮುಂದೆ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1886ರಿಂದ 1905ರವರೆಗೆ ಹೊರತಂದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. ಕೊಡಗು, ಶ್ರವಣಬೆಳಗೊಳಗಳಿಗೆ ಒಂದೊಂದು ಸಂಪುಟ, ಉಳಿದವು ಜಿಲ್ಲಾವಾರು. ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಕ್ರಮಸಂಖ್ಯೆ. ಶಾಸನ ಹುಡುಕುವವರು ಊರಿಂದ ಊರಿಗೆ ಹೋಗುತ್ತಾರಾದ್ದರಿಂದ ಈ ಕ್ರಮ ಸಹಜವಾದದ್ದು. 'ಬೇಲೂರು ಇಷ್ಟನೇದು', 'ಶಿಕಾರಿಪುರ ಅಷ್ಟನೇದು' ಎಂದು ಇಂದಿಗೂ ನಮ್ಮ ವಿಭಾಗಗಳಲ್ಲಿ ಮಾತಾಡುವುದು ರೈಸ್ ಕೊಟ್ಟ ಆ ಕೀಗಳಲ್ಲೇ.

ಕೀಗಳ ತೊಂದರೆಯೂ ಅಲ್ಲೇ ಕಾಣುತ್ತದೆ. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ರೈಸ್ ಸಂಪುಟಗಳಲ್ಲಿ ಆ ಊರುಗಳೆಲ್ಲ ಮೈಸೂರು ಜಿಲ್ಲೆಯವು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತರತೊಡಗಿದಾಗ ಸಂಖ್ಯೆಗಳೂ ಬದಲಾದವು. ಒಂದೇ ಕಲ್ಲಿಗೆ ಎರಡು ಗುರುತು. ನಾನು ಮೊದಮೊದಲು ಒಂದೇ ಕಲ್ಲನ್ನು ಎರಡು ಸಲ ಸೇರಿಸಿ, ಸತ್ತವನನ್ನೇ ಮತ್ತೆ ಸಾಯಿಸಿದ್ದೂ ಉಂಟು. ಅದಕ್ಕೆ ತಮ್ಮ ಒಂದು ಉಪಾಯ ಹೇಳಿಕೊಟ್ಟ. ಹಳೆಯ ಸಂಖ್ಯೆಯ ಕಾಲಮ್ಮಿಗೆ ಇಂಡೆಕ್ಸ್ ಮಾಡಿ, ಇದರಲ್ಲಿ ಒಂದು ಬೆಲೆ ಒಂದೇ ಸಲ ಬರಬೇಕು ಎಂದು ಷರತ್ತು ಹಾಕಿದ. ಆಮೇಲೆ ಅದೇ ಹಳೆಯ ಸಂಖ್ಯೆಯ ಕಲ್ಲನ್ನು ಮತ್ತೆ ಸೇರಿಸಹೊರಟರೆ ಡೇಟಾಬೇಸ್ ಒಪ್ಪುವುದೇ ಇಲ್ಲ. ಸೂಚಿ ಇಲ್ಲಿ ಹುಡುಕುವ ಸಾಧನ ಮಾತ್ರವಲ್ಲ, ಬಾಗಿಲು ಕಾಯುವವನೂ ಹೌದು.

ಹೆಸರುಗಳ ಸೂಚಿ ಇನ್ನೂ ಸ್ವಾರಸ್ಯದ್ದು. ಒಂದು ವೀರಗಲ್ಲಿನಲ್ಲಿ ಸತ್ತವನು, ಅವನ ಒಡೆಯ, ಆಳುವ ಅರಸ, ಕಲ್ಲು ನಿಲ್ಲಿಸಿದವರು, ಕೆಲವೊಮ್ಮೆ ಕೆತ್ತಿದವನು, ಹೀಗೆ ನಾಲ್ಕೈದು ಹೆಸರು ಇರುತ್ತವೆ. ಇವನ್ನೆಲ್ಲ ಒಂದೇ ಕಾಲಮ್ಮಿನಲ್ಲಿ ಪಟ್ಟಿಯಾಗಿ ಬರೆದು, ಪಟ್ಟಿಯ ಪ್ರತಿ ಹೆಸರಿಗೂ ಸೂಚಿಯಲ್ಲಿ ಬೇರೆ ಬೇರೆ ನಮೂದು ಇರಲಿ ಎಂದು ಇಂಡೆಕ್ಸೆಡ್‌ಡಿಬಿಗೆ ಹೇಳಬಹುದು. ಮಲ್ಟಿಎಂಟ್ರಿ ಎಂಬುದು ಆ ಸೌಲಭ್ಯದ ಹೆಸರು. ಆಗ ಯಾವ ಹೆಸರಿನಿಂದ ಹೊರಟರೂ ಅದೇ ಕಲ್ಲಿಗೆ ಬಂದು ಸೇರುತ್ತೇವೆ. ಆತಕೂರಿನ ಶಾಸನವನ್ನು ಸೇರಿಸುವಾಗ ಮಣಲೇರನ ಹೆಸರು ಬರೆದೆ, ಗಂಗ ಬೂತುಗನ ಹೆಸರು ಬರೆದೆ, ರಾಷ್ಟ್ರಕೂಟ ಕೃಷ್ಣನ ಹೆಸರು ಬರೆದೆ. ಹಂದಿಯ ಜೊತೆ ಕಾದಾಡಿ ಸತ್ತ ಬೇಟೆನಾಯಿ ಕಾಳಿಯನ್ನು ವ್ಯಕ್ತಿಗಳ ಸೂಚಿಯಲ್ಲಿ ಹಾಕಬೇಕೇ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಕಲ್ಲು ನಿಂತದ್ದೇ ಅದಕ್ಕಾಗಿ. ಹಾಕಿದೆ.

ಹೆಸರುಗಳಲ್ಲಿ ಕನ್ನಡದವರು ತಿಳಿದಿರಬೇಕಾದ ಎರಡು ತೊಡಕುಗಳಿವೆ. ಒಂದು, ಈ ಸೂಚಿಗಳು ಅಕ್ಷರಗಳನ್ನು ಜೋಡಿಸುವುದು ಯೂನಿಕೋಡಿನ ಸಂಖ್ಯೆಗಳ ಕ್ರಮದಲ್ಲಿ. ನಮ್ಮ ವರ್ಣಮಾಲೆಯಲ್ಲಿ ಕೊನೆಗೆ ಬರುವ ಳಕಾರ ಅಲ್ಲಿ ಲಕಾರದ ಬೆನ್ನಿಗೇ ಬಂದುಬಿಡುತ್ತದೆ. ಹಾಗಾಗಿ ಬಳ್ಳಿಗಾವೆ ಬಸರೂರಿಗಿಂತ ಮುಂಚೆ ನಿಲ್ಲುತ್ತದೆ. ತೆರೆಯ ಮೇಲೆ ತೋರಿಸುವಾಗ ಕನ್ನಡದ ಕ್ರಮಕ್ಕೆ ತಂದುಕೊಳ್ಳಬಹುದು. ಸೂಚಿಯ ಒಳಗಿನ ಕ್ರಮ ಮಾತ್ರ ಅದೇ. ಎರಡು, ಶಾಸನದಲ್ಲಿ 'ಎಱೆಯಪ್ಪ' ಎಂದು ಶಕಟರೇಫದಲ್ಲಿರುವುದನ್ನು ಹಾಗೇ ಬರೆದು, ಹುಡುಕುವಾಗ 'ಎರೆಯಪ್ಪ' ಎಂದು ಒತ್ತಿದರೆ ಆ ಗಂಗ ಅರಸ ಸಿಗುವುದಿಲ್ಲ. ಯಂತ್ರಕ್ಕೆ ಅವರಿಬ್ಬರೂ ಬೇರೆ ಬೇರೆಯವರು. ಕಲ್ಲಿನ ಮೇಲಿರುವಂತೆ ಒಂದು ಕಾಲಂ, ಹುಡುಕಲು ಸರಿಪಡಿಸಿಕೊಂಡ ರೂಪಕ್ಕೆ ಇನ್ನೊಂದು ಕಾಲಂ, ಎಂದು ಎರಡನ್ನೂ ಇಡಬೇಕಾಯಿತು.

ಅರಸ ಸಿಕ್ಕ ಮೇಲೂ ಅವನ ಒಂದೇ ಕಲ್ಲು ಬರುತ್ತಿತ್ತು. ಇದೇನೋ ಎಂದು ನೋಡಿದರೆ, ಸೂಚಿಯಿಂದ ಒಂದು ದಾಖಲೆ ಕೊಡು ಎಂದು ಕೇಳಿದಾಗ ಅದು ಆ ಹೆಸರಿನವುಗಳಲ್ಲಿ ಕೀ ಎಲ್ಲಕ್ಕಿಂತ ಮೊದಲಿರುವ ದಾಖಲೆಯೊಂದನ್ನೇ ಕೊಟ್ಟು ಸುಮ್ಮನಾಗುತ್ತದೆ. ಎಲ್ಲವೂ ಬೇಕಾದರೆ ಎಲ್ಲವೂ ಬೇಕು ಎಂದೇ ಕೇಳಬೇಕು. ಅದಕ್ಕೆ ಬೇರೆ ಆಜ್ಞೆಯಿದೆ.

*

ಇಷ್ಟೆಲ್ಲ ಕಲಿತುಕೊಂಡಿದ್ದೆ ಎಂಬ ಧೈರ್ಯದಿಂದಲೇ ಮೇಡಂ ಮುಂದೆ ಫೋನ್ ತೆಗೆದದ್ದು. ಆ ಸಂಜೆ ಹಾಸ್ಟೆಲ್ಲಿಗೆ ಬಂದು ತಮ್ಮನಿಗೆ ಫೋನ್ ಮಾಡಿದೆ.

"ನಿನ್ನ ಇಂಡೆಕ್ಸ್ ಕೆಟ್ಟಿದೆ ಕಣೋ."

"ಬೇಗೂರಿನ ವರ್ಷದ ಕಾಲಮ್ಮಿನಲ್ಲಿ ಏನು ಬರೆದಿದೀಯ ಅಕ್ಕ?"

"ಏನೂ ಬರೆದಿಲ್ಲ. ಕಲ್ಲಿನ ಮೇಲೆ ವರ್ಷ ಇಲ್ಲ. ಲಿಪಿ ನೋಡಿ ಕಾಲ ಹೇಳೋದು."

"ಹಾಗಾದ್ರೆ ಕೆಟ್ಟಿಲ್ಲ. ವರ್ಷ ಇಲ್ಲದ್ದನ್ನ ವರ್ಷದ ಪಟ್ಟಿಯಲ್ಲಿ ಎಲ್ಲಿ ಇಡೋದು ಹೇಳು? ಅದಕ್ಕೆ ಇಡೋದೇ ಇಲ್ಲ."

ವಿಷಯ ಇಷ್ಟೇ. ಯಾವ ಕಾಲಮ್ಮಿಗೆ ಸೂಚಿ ಮಾಡಿದೆಯೋ ಆ ಕಾಲಂ ಖಾಲಿ ಇರುವ ದಾಖಲೆ ಉಗ್ರಾಣದಲ್ಲಿ ಕ್ಷೇಮವಾಗಿ ಇರುತ್ತದೆ, ಆದರೆ ಆ ಸೂಚಿಗೆ ಸೇರುವುದಿಲ್ಲ. ಎಚ್ಚರಿಕೆಯ ಮಾತಿಲ್ಲ, ದೋಷದ ಸಂದೇಶವಿಲ್ಲ. ಸೂಚಿಯ ಮೂಲಕ ಹುಡುಕುವವರ ಪಾಲಿಗೆ ಅದು ಇಲ್ಲವೇ ಇಲ್ಲ. ಇಂಡೆಕ್ಸೆಡ್‌ಡಿಬಿಯ ನಿಯಮವೇ ಹಾಗೆ. ಯಾರೋ ಮಾಡಿದ ತಪ್ಪಲ್ಲ.

ತಮ್ಮ ಇನ್ನೊಂದು ಕೆಲಸ ಹೇಳಿದ. ಉಗ್ರಾಣದಲ್ಲಿ ಎಷ್ಟು ದಾಖಲೆ ಇವೆ ಎಂದು ಎಣಿಸು, ವರ್ಷದ ಸೂಚಿಯಲ್ಲಿ ಎಷ್ಟು ಇವೆ ಎಂದು ಎಣಿಸು. ಎಣಿಸಿದೆ. ಉಗ್ರಾಣದಲ್ಲಿ 412 ಇದ್ದವು. ವರ್ಷದ ಸೂಚಿಯಲ್ಲಿ 259. ನಾನೇ ಊರೂರು ತಿರುಗಿ, ಸಂಪುಟಗಳನ್ನು ತಿರುವಿಹಾಕಿ, ಒಂದೊಂದಾಗಿ ಬೆರಳಿನಿಂದ ಒತ್ತಿ ಸೇರಿಸಿದ್ದ 153 ಕಲ್ಲುಗಳು ನನ್ನ ಕೋಷ್ಟಕಕ್ಕೆ ಬಂದೇ ಇರಲಿಲ್ಲ.

ಆ ರಾತ್ರಿ ಅವನ್ನು ಒಂದೊಂದಾಗಿ ತೆರೆದು ನೋಡಿದೆ. ಬಹುಪಾಲು ಹತ್ತನೆಯ ಶತಮಾನದ ನಡುಭಾಗಕ್ಕಿಂತ ಹಿಂದಿನವು. ಗಂಗರ ಕಾಲದ ಹಳ್ಳಿಯ ಕಲ್ಲುಗಳಲ್ಲಿ ಎಷ್ಟೋ ಸಲ ಅರಸನ ಹೆಸರು, ಊರಿನ ಹೆಸರು, ಸತ್ತವನ ಹೆಸರು ಇರುತ್ತವೆ, ಶಕವರ್ಷ ಇರುವುದಿಲ್ಲ. ಬರಬರುತ್ತ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಬರೆಸುವ ರೂಢಿ ಹೆಚ್ಚಾಗುತ್ತದೆ. ನನ್ನ ಕೋಷ್ಟಕದಲ್ಲಿ ಏಣಿ ಹತ್ತಿದ್ದು ಸಾಯುವವರ ಸಂಖ್ಯೆ ಎಂದುಕೊಂಡಿದ್ದೆ. ಅದರಲ್ಲಿ ದೊಡ್ಡ ಪಾಲು ತೇದಿ ಬರೆಸುವವರ ಸಂಖ್ಯೆ. ಚೋಳರ ದಂಡು ಬಂದದ್ದು ನಿಜ. ಅದಕ್ಕೂ ನನ್ನ ಏಣಿಗೂ ನಾನು ಹಾಕಿದ್ದ ಗಂಟು ಮಾತ್ರ ನಿಲ್ಲುವಂಥದ್ದಾಗಿರಲಿಲ್ಲ.

ಸುಮ್ಮನೆ ಒಂದು ಪರೀಕ್ಷೆ ಮಾಡಿದೆ. ನನ್ನ ಸಂಗ್ರಹದ ಆಚೆಗಿನ, ಎಲ್ಲರಿಗೂ ಗೊತ್ತಿರುವ ಶಾಸನಗಳನ್ನು ಇದೇ ವರ್ಷದ ಸೂಚಿಗೆ ಸೇರಿಸಿದರೆ ಏನಾಗುತ್ತಿತ್ತು? 1936ರಲ್ಲಿ ಎಂ.ಎಚ್. ಕೃಷ್ಣ ಅವರು ಪ್ರಕಟಿಸಿದ, ಕನ್ನಡದ ಅತಿ ಹಳೆಯ ಶಾಸನವೆಂದು ಬಹುಕಾಲ ಹೆಸರಾದ ಹಲ್ಮಿಡಿಯದರಲ್ಲಿ ಶಕವರ್ಷವಿಲ್ಲ; ಸುಮಾರು 450 ಎನ್ನುವುದು ವಿದ್ವಾಂಸರ ನಿರ್ಣಯ. ತ್ರಿಪದಿಗೆ ಹಳೆಯ ಸಾಕ್ಷಿಯಾದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೂ ವರ್ಷವಿಲ್ಲ. ಅದೇ ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಶಾಸನದಲ್ಲಿ ಶಕ 465 ಎಂದು ಸ್ಪಷ್ಟವಾಗಿದೆ, ಅಂದರೆ ಕ್ರಿ.ಶ. 543. ಆತಕೂರಿನ ನಾಯಿಗೂ ಶಕ 872 ಎಂಬ ವರ್ಷವಿದೆ. ನನ್ನ ಸೂಚಿಯಲ್ಲಿ ಕೋಟೆ ಕಟ್ಟಿಸಿದ ಅರಸ ಇರುತ್ತಿದ್ದ, ಅರಸ ಕೊಟ್ಟ ನಾಯಿ ಇರುತ್ತಿತ್ತು. ಹಲ್ಮಿಡಿ, ಕಪ್ಪೆ ಅರಭಟ್ಟ, ಬೇಗೂರು ಮೂರೂ ಇರುತ್ತಿರಲಿಲ್ಲ. ಕನ್ನಡದ ಮೊದಮೊದಲ ಮಾತುಗಳೇ ಇಲ್ಲದ ಕನ್ನಡದ ಇತಿಹಾಸ.

*

ಸರಿಪಡಿಸುವ ಕೆಲಸಕ್ಕೆ ಮೂರು ವಾರ ಹಿಡಿಯಿತು. ಮೊದಲ ಯೋಚನೆ ಸುಲಭದ್ದಾಗಿತ್ತು. ಖಾಲಿ ಇರುವಲ್ಲೆಲ್ಲ 'ತೇದಿ ಇಲ್ಲ' ಎಂದು ಬರೆದುಬಿಡೋಣ ಎಂದೆ. ಬರೆದೆ. ಕಲ್ಲುಗಳು ಸೂಚಿಗೇನೋ ಬಂದವು. ಆದರೆ ಈ ಸೂಚಿಗಳಲ್ಲಿ ಅಕ್ಷರದ ಬೆಲೆಗಳೆಲ್ಲ ಅಂಕಿಗಳ ನಂತರವೇ ಬರುವುದು. 800ರಿಂದ 900 ಎಂದು ಕೇಳಿದರೆ 'ತೇದಿ ಇಲ್ಲ' ಎನ್ನುವವು ಪಟ್ಟಿಯ ತುದಿಯಲ್ಲಿ, 1300ರ ಕಲ್ಲುಗಳನ್ನೂ ದಾಟಿ ಕುಳಿತಿರುತ್ತಿದ್ದವು. ತೇದಿ ಇದೆಯೋ ಇಲ್ಲವೋ ಎಂದು ಹೌದು-ಅಲ್ಲದ ಕಾಲಂ ಮಾಡಿ ಅದಕ್ಕೆ ಸೂಚಿ ಮಾಡಿದೆ. ಆ ಸೂಚಿ ಪೂರ್ತಿ ಖಾಲಿಯಾಗಿ ಬಂತು. ಪ್ರೋಗ್ರಾಮಿನವರ ಹೌದು-ಅಲ್ಲಗಳನ್ನು, ಅಂದರೆ ಟ್ರೂ-ಫಾಲ್ಸ್‌ಗಳನ್ನು, ಇಂಡೆಕ್ಸೆಡ್‌ಡಿಬಿ ಕೀ ಎಂದು ಒಪ್ಪುವುದಿಲ್ಲ. ತಮ್ಮ ನಗುತ್ತ, "ಅದರ ಬದಲು ಅಂಕಿ ಹಾಕು ಅಥವಾ ಪದ ಬರಿ ಅಕ್ಕ" ಎಂದ.

ಕೊನೆಗೆ ದಾರಿ ಸಿಕ್ಕಿದ್ದು ರೈಸ್ ಸಂಪುಟಗಳಲ್ಲಿ. ಯಾವುದೋ ಕಲ್ಲಿನ ಪಾಠಕ್ಕಾಗಿ ಹಳೆಯ ಸಂಪುಟ ತೆರೆದಿದ್ದೆ. ತೇದಿಯಿಲ್ಲದ ಶಾಸನಗಳ ಅನುವಾದದ ನೆತ್ತಿಯ ಮೇಲೆ ರೈಸ್ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟು, ಅದರ ಪಕ್ಕದಲ್ಲಿ ಸುಮಾರು ಇಂಥ ವರ್ಷ ಎಂದು ಬರೆಯುತ್ತಾರೆ. ಎಷ್ಟೋ ವರ್ಷದಿಂದ ಅದನ್ನು ನೋಡುತ್ತ ಬಂದಿದ್ದೆ, ಅಚ್ಚಿನ ಅಲಂಕಾರವೆಂಬಂತೆ ದಾಟಿಹೋಗಿದ್ದೆ. ಅಂದು ಅದರ ಮೇಲೆ ಕಣ್ಣು ನಿಂತಿತು. ಗೊತ್ತಿಲ್ಲ ಎಂದು ಕೈಬಿಡುವುದಕ್ಕೂ ಗೊತ್ತಿದೆ ಎಂದು ಹೇಳಿಬಿಡುವುದಕ್ಕೂ ನಡುವೆ ಒಂದು ಜಾಗವಿದೆ. ಆ ಚಿಹ್ನೆ ಕಲ್ಲನ್ನು ಅಲ್ಲಿ ಕೂರಿಸುತ್ತದೆ. ಅವರ ಅಂದಾಜುಗಳಲ್ಲಿ ಕೆಲವನ್ನು ಮುಂದಿನವರು ತಿದ್ದಿದ್ದಾರೆ. ತಿದ್ದಲು ಸಾಧ್ಯವಾದದ್ದು ಅವರು ಒಂದು ಅಂದಾಜನ್ನು ಬರೆದಿಟ್ಟದ್ದರಿಂದ.

ನಾನು ಮಾಡಿದ್ದೂ ಅದನ್ನೇ. ಪ್ರತಿ ಕಲ್ಲಿಗೂ ಈಗ ಮೂರು ಕಾಲಮ್ಮುಗಳಿವೆ. ಇದಕ್ಕಿಂತ ಮುಂಚಿನದಲ್ಲ ಎನ್ನುವ ವರ್ಷ ಒಂದು. ಇದಕ್ಕಿಂತ ಈಚಿನದಲ್ಲ ಎನ್ನುವ ವರ್ಷ ಇನ್ನೊಂದು. ಹಾಗೆ ಹೇಳಲು ಆಧಾರವೇನು ಎಂಬುದು ಮೂರನೆಯದು: ಶಾಸನೋಕ್ತ ತೇದಿ, ಅರಸನ ಆಳ್ವಿಕೆ, ಲಿಪಿ, ಶಿಲ್ಪಶೈಲಿ. ತೇದಿ ಇದ್ದ ಕಲ್ಲಿಗೆ ಮೊದಲೆರಡೂ ಒಂದೇ ವರ್ಷ. ಬೇಗೂರಿನಂಥದಕ್ಕೆ ನಡುವೆ ಕೆಲವು ದಶಕಗಳ ಅಂತರ. ಯಾವ ಕಾಲಮ್ಮೂ ಖಾಲಿ ಇರಕೂಡದು. ಬರೀ ಸಂವತ್ಸರದ ಹೆಸರಿದ್ದು ಶಕವರ್ಷವಿಲ್ಲದ ಕಲ್ಲುಗಳು ಇನ್ನೊಂದು ಬಗೆ. ಪ್ಲವ ಸಂವತ್ಸರ 60 ವರ್ಷಕ್ಕೊಮ್ಮೆ ಮತ್ತೆ ಬರುತ್ತದೆಯಾದ್ದರಿಂದ ಅಂಥ ಕಲ್ಲಿಗೆ ಎರಡೋ ಮೂರೋ ವರ್ಷಗಳು ಸಾಧ್ಯ. ಸಾಧ್ಯವಾದ ಎಲ್ಲ ವರ್ಷಗಳನ್ನೂ ಪಟ್ಟಿಯಾಗಿ ಬರೆದೆ. ಹೆಸರುಗಳಿಗೆ ಬಳಸಿದ್ದ ಮಲ್ಟಿಎಂಟ್ರಿ ಇಲ್ಲೂ ಕೆಲಸಕ್ಕೆ ಬಂತು. ಇಂಥ ಕಲ್ಲು ಈಗ ಎರಡು ಮೂರು ಕಡೆ ಕಾಣಿಸುತ್ತದೆ. ಎಣಿಸುವಾಗ ನಾನೇ ಎಚ್ಚರವಾಗಿರಬೇಕು.

ಹೊಸ ಸೂಚಿಗಳನ್ನು ಯಾವಾಗ ಬೇಕೆಂದರೆ ಆವಾಗ ಸೇರಿಸಲೂ ಬಿಡುವುದಿಲ್ಲ ಈ ಡೇಟಾಬೇಸ್. ಅದರ ಆವೃತ್ತಿಯ ಸಂಖ್ಯೆಯನ್ನು ಏರಿಸಿ ತೆರೆದಾಗ ಮಾತ್ರ ಹೊಸ ಸೂಚಿ ಕಟ್ಟಬಹುದು. ಕಟ್ಟಿದ ಕೂಡಲೇ ಉಗ್ರಾಣದಲ್ಲಿರುವ ಹಳೆಯ ದಾಖಲೆಗಳನ್ನೆಲ್ಲ ಅದು ತಾನೇ ಓದಿಕೊಳ್ಳುತ್ತದೆ. ಪುಸ್ತಕಗಳ ಪರಿಷ್ಕೃತ ಮುದ್ರಣದ ಹಾಗೆಯೇ. ನನ್ನದೀಗ ಏಳನೆಯ ಆವೃತ್ತಿ. ಫೋನಿನಲ್ಲಿ ಜಾಗ ಸಾಲದಾದಾಗ ಬ್ರೌಸರ್ ಇಂಥ ಡೇಟಾಬೇಸನ್ನು ಅಳಿಸಿಬಿಡುವುದೂ ಉಂಟು ಎಂದು ತಮ್ಮ ಹೆದರಿಸಿದ್ದರಿಂದ, ಪ್ರತಿ ಭಾನುವಾರ ಎಲ್ಲವನ್ನೂ ಒಂದು ಕಡತಕ್ಕೆ ಇಳಿಸಿ ಪೆನ್‌ಡ್ರೈವಿನಲ್ಲಿ ಇಡುತ್ತೇನೆ. ನಿಮ್ಮಲ್ಲಿ ಯಾರಾದರೂ ಹೀಗೆ ಸಂಗ್ರಹ ಮಾಡುವವರಿದ್ದರೆ ಇದೊಂದನ್ನು ಮರೆಯಬೇಡಿ. ಇನ್ನೊಂದು, ಉಗ್ರಾಣದ ಎಣಿಕೆ ಮತ್ತು ಸೂಚಿಯ ಎಣಿಕೆಗಳನ್ನು ಆಗಾಗ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಸಮವಾಗಿಲ್ಲದಿದ್ದರೆ ನಡುವಿನ ಅಂತರದಲ್ಲಿ ಯಾರೋ ಇದ್ದಾರೆ. ಮಲ್ಟಿಎಂಟ್ರಿ ಸೂಚಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಒಂದು ದಾಖಲೆಗೆ ನಮೂದು ಹಲವು.

ಹೊಸ ಕೋಷ್ಟಕ ಮಾಡಿದೆ. ಏಣಿ ಪೂರ್ತಿ ಮಲಗಲಿಲ್ಲ, ಆದರೆ ನಾನು ವಿವರಿಸಹೊರಟಿದ್ದ ಕಡಿದಾದ ಮೆಟ್ಟಿಲು ಉಳಿಯಲಿಲ್ಲ. ಎಂಟು, ಒಂಬತ್ತನೆಯ ಶತಮಾನಗಳಲ್ಲೂ ಊರುಗಳು ತಮ್ಮ ದನಗಳಿಗಾಗಿ, ಎಲ್ಲೆಗಳಿಗಾಗಿ, ಹೆಂಗಸರ ಮಾನಕ್ಕಾಗಿ ಕಾದಾಡುತ್ತಲೇ ಇದ್ದವು. ಆ ಎರಡು ಪುಟಗಳನ್ನು ಹೊಡೆದುಹಾಕಿದೆ. ಅವುಗಳ ಜಾಗದಲ್ಲಿ, ಹಳ್ಳಿಯ ವೀರಗಲ್ಲಿಗೆ ತೇದಿ ಬರೆಸುವ ರೂಢಿ ಯಾವಾಗ, ಯಾರಿಂದ ಬಂತು ಎಂಬ ಪ್ರಶ್ನೆ ಬಂದು ಕುಳಿತಿದೆ. ತಿಥಿ ವಾರ ನೋಡಿ ಹೇಳುವವರು ಊರಿನಲ್ಲಿ ಇರಬೇಕು, ಬರೆಯಬಲ್ಲವರು ಇರಬೇಕು, ಸತ್ತವನ ಸಾವಿಗೆ ಅರಸರ ಕಾಲಗಣನೆಯಲ್ಲಿ ಒಂದು ದಿನ ಬೇಕು ಎಂದು ಮನೆಯವರಿಗೆ ಅನ್ನಿಸಿರಬೇಕು. ಅಧ್ಯಾಯ ಆರು ತಿಂಗಳು ಹಿಂದಕ್ಕೆ ಹೋಯಿತು. ಫೆಲೋಶಿಪ್ ಮುಗಿಯುವ ತಿಂಗಳನ್ನು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಕಳೆದ ವಾರ ತಿದ್ದಿದ ಅಧ್ಯಾಯ ಒಪ್ಪಿಸಿದೆ. ಮೇಡಂ ನೇರವಾಗಿ ಕೋಷ್ಟಕದ ಪುಟಕ್ಕೆ ಹೋದರು. ಒಂಬತ್ತನೆಯ ಶತಮಾನದ ಸಾಲಿನಲ್ಲಿ ಎರಡು ಸಂಖ್ಯೆಗಳಿದ್ದವು, ತೇದಿಯುಳ್ಳವು ಬೇರೆ, ಅಂದಾಜಿನವು ಬೇರೆ. ಎರಡನೆಯದರ ಮುಂದೆ ರೈಸ್ ಇಡುತ್ತಿದ್ದಂತೆ ಒಂದು ಪ್ರಶ್ನಾರ್ಥಕ ಚಿಹ್ನೆ.

"ಬೇಗೂರು ಇದರಲ್ಲಿದೆಯಾ?"

"ಇದೆ ಮೇಡಂ."

"ಸರಿ, ಮುಂದಿನದು ತೋರಿಸು" ಎಂದು ಪುಟ ತಿರುವಿದರು.